ಹಿಂದಿನ ಬೆಂಚಿನ ಅಕ್ಕೋರು

ನಮ್ಮೂರಲ್ಲಿ ಯಾರನ್ನಾದರೂ ನಿಲ್ಲಿಸಿ "ಇದನ್ನ ಹೆಂಗ ಮಾಡ್ತೀರಿ?" ಎಂದು ಕೇಳುವುದು ಮರ್ಯಾದಸ್ಥರ ಲಕ್ಷಣವಲ್ಲ. ಹೊರಗಿನಿಂದ ಬಂದವರು ಗೊತ್ತಿಲ್ಲದೆ ಕೇಳಿಬಿಡುತ್ತಾರೆ. ರೊಟ್ಟಿ ಬಡಿಯುತ್ತಿರುವ ಹೆಂಗಸಿನ ಪಕ್ಕ ಕೂತು, "ಎಷ್ಟ್ ತೆಳ್ಳಗ ಬಂದಾವಲ್ಲ, ನನಗೂ ತೋರಸ್ರಿ" ಎನ್ನುತ್ತಾರೆ. ಆಕೆ ತಟ್ಟನೆ ಕೈ ಹಿಂದಕ್ಕೆ ಎಳೆದುಕೊಂಡು, ಹಿಟ್ಟಿನ ಪರಾತ ಎತ್ತಿಕೊಂಡು ಒಳಗೆ ಹೋಗುತ್ತಾಳೆ. ಸಿಟ್ಟಲ್ಲ, ಅಂಜಿಕೆ. ಮನಸ್ಸಿಟ್ಟು ತೋರಿಸಿದಳೋ, ಹೋಯಿತು. ನೋಡಿದವಳ ಕೈಗೆ ಹದ ಹತ್ತಿದ ಗಳಿಗೆಯಲ್ಲೇ ತೋರಿಸಿದವಳ ಕೈಯಿಂದ ಅದು ಇಳಿದಿರುತ್ತದೆ. ಮರುದಿನದಿಂದ ಅವಳ ರೊಟ್ಟಿಯ ಅಂಚು ಒಡೆಯುತ್ತದೆ, ನಡುವೆ ಹರಿಯುತ್ತದೆ, ಹೆಂಚಿನ ಮೇಲೆ ಉಬ್ಬುವುದೇ ಇಲ್ಲ. ಎಷ್ಟು ವರ್ಷ ಹೆಣಗಿದರೂ ಒಮ್ಮೆ ಕೊಟ್ಟ ಹದ ಅದೇ ಕೈಗೆ ಮತ್ತೆ ಬರುವುದಿಲ್ಲ.

ಹೀಗೇಕೆ ಎಂದು ನನ್ನನ್ನು ಕೇಳಬೇಡಿ. ಮಳೆ ಯಾಕೆ ಮೇಲಿಂದ ಬರುತ್ತದೆ ಎಂದು ಯಾರಾದರೂ ಕೇಳುತ್ತಾರೆಯೇ? ಪುಸ್ತಕದ ವಿದ್ಯೆಗೆ ಈ ಕಾಟವಿಲ್ಲ. ಮಗ್ಗಿ ಹೇಳಿಕೊಟ್ಟವರು ಮಗ್ಗಿ ಮರೆಯುವುದಿಲ್ಲ, ನದಿಗಳ ಹೆಸರು ಹೇಳಿಕೊಟ್ಟವರ ನದಿಗಳು ಬತ್ತುವುದಿಲ್ಲ. ಹೋಗುವುದು ಹದ ಮಾತ್ರ. ಕ್ಷೌರದ ಮಲ್ಲೇಶಿ ಮಗನಿಗೆ ಕತ್ತಿಯ ಹದ ಕೊಟ್ಟ ಮೇಲೆ ಅದೇ ಅಂಗಡಿಯಲ್ಲಿ ಕೂದಲು ಗುಡಿಸುತ್ತಾನೆ. ಸೊಸೆಗೆ ಸಾರಿನ ಹದ ಕೊಡುವುದನ್ನು ಅತ್ತೆಯರು ವರ್ಷಗಟ್ಟಲೆ ಮುಂದೂಡುತ್ತಾರೆ. ಕೊಟ್ಟ ಮೇಲೆ ಒಲೆಯ ಮುಂದಿನ ಮಣೆ ಬಿಟ್ಟು ಹೊರಗಿನ ಕಟ್ಟೆಗೆ ಬಂದು ಕೂರುತ್ತಾರೆ. ಸಂಜೆ ನಮ್ಮ ಓಣಿಯಲ್ಲಿ ನಡೆದುಹೋದರೆ ಯಾವ ಮನೆಯಲ್ಲಿ ಯಾರು ಯಾರಿಗೆ ಏನು ಕೊಟ್ಟಿದ್ದಾರೆ ಎಂದು ಕಟ್ಟೆ ನೋಡಿಯೇ ಹೇಳಬಹುದು.

ಸಾಲಿಯಲ್ಲೂ ಇದೇ ಪದ್ಧತಿ. ಹೊಸ ಮಾಸ್ತರರನ್ನು ತಿದ್ದಲು ನಮ್ಮಲ್ಲಿ ಭಾಷಣ, ಶಿಬಿರ ಎಂಬ ಗದ್ದಲವಿಲ್ಲ. ಬಹಳ ವರ್ಷ ಪಾಠ ಮಾಡಿ ಹಣ್ಣಾದವರನ್ನು ಹಿಂದಿನ ಬೆಂಚಿಗೆ ಕೂರಿಸುತ್ತಾರೆ. ಅವರು ಪಾಠ ಮಾಡುವಂತಿಲ್ಲ. ಒಂದೊಂದು ದಿನ ಒಂದೊಂದು ಕೋಣೆಯ ಹಿಂಭಾಗದಲ್ಲಿ ಕೂತು, ಮುಂದೆ ನಿಂತವರಿಗೆ ಏನು ಕಡಿಮೆ ಬಿದ್ದಿದೆ ಎಂದು ನೋಡಬೇಕು. ಅದು ತಮ್ಮ ಹತ್ತಿರ ಇದ್ದರೆ ಕೊಡಬೇಕು. ಕೊಟ್ಟು ಕೊಟ್ಟು ಖಾಲಿಯಾದ ದಿನ ಹೆಗಲಿಗೊಂದು ಶಾಲು ಹೊದಿಸಿ ಮನೆಗೆ ಕಳಿಸುತ್ತಾರೆ. ನನ್ನನ್ನು, ಅಂದರೆ ಕಸ್ತೂರಿ ಅಕ್ಕೋರನ್ನು, ಗಂಡ ತೀರಿಕೊಂಡ ಮರುವರ್ಷ ಹಿಂದಿನ ಬೆಂಚಿಗೆ ಕೂರಿಸಿದರು.

ಉಳಿದವರೆಲ್ಲ ಹಿಂದೆ ಕೂತು ಪಾಠ ಮಾಡುವವರ ಬಾಯಿ ನೋಡುತ್ತಿದ್ದರು. ನಾನು ಹಾಗಲ್ಲ. ಬೆಂಚನ್ನು ಕಿಟಕಿಯ ಪಕ್ಕಕ್ಕೆ ಓರೆಯಾಗಿ ಎಳೆದುಕೊಂಡು ಮಕ್ಕಳ ಮುಖ ನೋಡುತ್ತಿದ್ದೆ. ಪಾಠ ಹೇಗಾಯಿತು ಎಂಬುದು ಹೇಳಿದವರ ಬಾಯಲ್ಲಿ ಎಲ್ಲಿರುತ್ತದೆ? ಯಾವ ಹುಡುಗಿ ಎಲ್ಲಿ ದಾರಿ ತಪ್ಪಿದಳು, ಯಾವ ಹುಡುಗ ತಿಳಿಯದೆಯೇ "ತಿಳೀತ್ರಿ" ಎಂದು ಕೂಗಿದ, ಎಲ್ಲವೂ ನನಗೆ ಅವರವರ ಮುಖದಲ್ಲೇ ಕಾಣುತ್ತಿತ್ತು. ಆಮೇಲೆ ಆ ಮಾಸ್ತರರನ್ನು ಕರೆದು, ಬೇಕಾದ್ದು ಕೊಡುತ್ತಿದ್ದೆ. ಬೋರ್ಡಿನ ಮೇಲೆ ಕೈ ನಡುಗದೆ ನಕಾಶೆ ಎಳೆಯುವ ಹದ ಒಬ್ಬರಿಗೆ ಹೋಯಿತು. ದನಿ ತಗ್ಗಿಸಿಯೇ ಗದ್ದಲ ಅಡಗಿಸುವ ಹದ ಇನ್ನೊಬ್ಬರಿಗೆ ಹೋಯಿತು. ಈಗ ನಾನು ಎಳೆದ ಗೆರೆ ಹಾವಿನಂತೆ ಹೋಗುತ್ತದೆ, ನಾನು ಸುಮ್ಮನಿರಿ ಎಂದರೆ ಕಾಗೆಯೂ ಸುಮ್ಮನಾಗುವುದಿಲ್ಲ. ಆದರೆ ಆ ಕೋಣೆಗಳ ಮುಂದೆ ಹಾದುಹೋಗುವಾಗ ಒಳಗೆ ನನ್ನ ಗೆರೆ, ನನ್ನ ತಗ್ಗಿದ ದನಿ ಬೇರೆಯವರ ಕೈಬಾಯಲ್ಲಿ ಆಡುವುದು ಕಂಡರೆ ಹೆಮ್ಮೆಯಾಗುತ್ತಿತ್ತು. ಸುಳ್ಳೇಕೆ, ಹೊಟ್ಟೆಯೂ ಉರಿಯುತ್ತಿತ್ತು.

ಮುಖ ಓದುವ ಹದವೊಂದನ್ನು ಮಾತ್ರ ನಾನು ಯಾರಿಗೂ ಕೊಟ್ಟಿರಲಿಲ್ಲ. ಅದು ಸಾಲಿಯಲ್ಲಿ ಬಂದದ್ದಲ್ಲ. ನನ್ನ ಮಗಳು ಭಾಗೀರಥಿಯಿಂದ ಬಂದದ್ದು.

ಭಾಗಿ ಹುಟ್ಟಿದಂದಿನಿಂದ ಮಾತಾಡಿದವಳಲ್ಲ. ಕೈಕಾಲು ಅವಳ ಇಚ್ಛೆಯಂತೆ ಆಡುವುದಿಲ್ಲ. ಕೈ ಮಾಡಿ ತೋರಿಸಲಾರಳು, ತಲೆಯಾಡಿಸಲಾರಳು. ಬುದ್ಧಿ ಮಾತ್ರ ನಿಮಗೂ ನನಗೂ ಇಲ್ಲದಷ್ಟು ಚುರುಕು. ಆ ಬುದ್ಧಿಯೆಲ್ಲ ಹೊರಗೆ ಬರಲು ಅವಳಿಗೆ ಇದ್ದದ್ದು ಒಂದು ಮುಖ. ಎಳೆಗೂಸಾಗಿದ್ದಾಗ ಅವಳ ಮುಂದೆ ಕೂತು ಕೂತು, ಅತ್ತು ಅತ್ತು, ಕಡೆಗೆ ನಾನು ಆ ಮುಖ ಓದಲು ಕಲಿತೆ. ಎಡಗಣ್ಣಿನ ಕೆಳಗೆ ಚರ್ಮ ಒಂಚೂರು ಬಿಗಿದರೆ ಬೆನ್ನು ನೋಯುತ್ತಿದೆ. ಕೆಳತುಟಿ ಒಳಗೆ ಹೋದರೆ ನಗು ತಡೆದುಕೊಂಡಿದ್ದಾಳೆ. ಬರೀ ಹಸಿವು ನೀರಡಿಕೆಯಲ್ಲ, ನಾನು ಉಟ್ಟ ಸೀರೆ ನನಗೆ ಒಪ್ಪುವುದಿಲ್ಲ ಎಂದೂ ಹೇಳುತ್ತಿದ್ದಳು, ಹಗಲು ಅವಳನ್ನು ನೋಡಿಕೊಳ್ಳುವ ಪಕ್ಕದ ಮನೆಯ ನೀಲವ್ವ ಇವತ್ತೂ ತನ್ನ ಸೊಸೆಯನ್ನು ಬೈದಳು ಎಂದೂ ಹೇಳುತ್ತಿದ್ದಳು. ಸಂಜೆ ನಾನು ಸಾಲಿಯಿಂದ ಬಂದು ಅವಳ ಎದುರು ಕೂತರೆ ನಮ್ಮಿಬ್ಬರ ಹರಟೆಗೆ ಮುಗಿವೇ ಇರಲಿಲ್ಲ. ದಾರಿಯಲ್ಲಿ ಹೋಗುವವರಿಗೆ ನನ್ನೊಬ್ಬಳ ದನಿ ಕೇಳುತ್ತಿತ್ತು. ಕಸ್ತೂರಿ ಅಕ್ಕೋರು ಒಬ್ಬರೇ ಮಾತಾಡಿಕೊಳ್ಳುತ್ತಾರೆ ಎಂದು ಅವರು ಮರುಗುತ್ತಿದ್ದರು.

ಇಂಥ ಹೊತ್ತಿನಲ್ಲಿ ಸುವರ್ಣಾ ನಮ್ಮ ಸಾಲಿಗೆ ಬಂದಳು. ಹರೆಯದ ಹುಡುಗಿ, ಎದ್ದು ನಿಂತರೆ ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ, ಮಾತು ಮಾತ್ರ ಗುಬ್ಬಿಯದು. ನಾಲ್ಕನೆಯ ತರಗತಿ ಕೊಟ್ಟರು. ನಾನು ಹೋಗಿ ಕೂತೆ. ಅವಳು ಭಿನ್ನರಾಶಿ ಹೇಳುತ್ತಿದ್ದಳು. ತಪ್ಪೇನೂ ಹೇಳಲಿಲ್ಲ. ಒಂದಾದ ಮೇಲೊಂದು ಸರಿಯಾಗಿಯೇ ಹೇಳಿ, "ತಿಳೀತೇನು?" ಎಂದಳು. "ತಿಳೀತ್ರಿ ಅಕ್ಕೋರ!" ಎಂದು ಕೋಣೆಯೇ ಹಾರುವಂತೆ ಕೂಗಿದರು. ಅವಳು ಸಂತೋಷಪಟ್ಟು ಮುಂದಿನ ಲೆಕ್ಕಕ್ಕೆ ಹೋದಳು. ನಾನು ಮುಖಗಳನ್ನು ನೋಡುತ್ತಿದ್ದೆ. ಅರ್ಧಕ್ಕರ್ಧ ಮಕ್ಕಳು ಎಂದೋ ದಾರಿ ತಪ್ಪಿದ್ದರು. ಎರಡನೆಯ ಸಾಲಿನಲ್ಲಿ ಕೂತ ತಂಗೆವ್ವ ಎಂಬ ಹುಡುಗಿಯಂತೂ, ಸಂತೆಯಲ್ಲಿ ತಾಯಿಯ ಸೆರಗು ಕೈತಪ್ಪಿದವಳ ಹಾಗೆ ಕಾಣುತ್ತಿದ್ದಳು. ಎಲ್ಲರಿಗಿಂತ ಜೋರಾಗಿ ತಿಳೀತ್ರಿ ಎಂದವಳೂ ಅವಳೇ.

ಸುವರ್ಣಾಗೆ ಕಡಿಮೆ ಬಿದ್ದದ್ದು ಏನೆಂದು ಮೊದಲ ದಿನವೇ ನನಗೆ ಗೊತ್ತಾಯಿತು. ಗೊತ್ತಾಗಿಯೂ ಬೇರೆ ಕೊಟ್ಟೆ. ರೊಟ್ಟಿ ಹರಿದು ಅರ್ಧ, ಕಾಲು, ಅರೆಕಾಲು ತೋರಿಸಿ ಭಿನ್ನರಾಶಿ ಹೇಳುವ ಹದ ನನ್ನಲ್ಲಿತ್ತು; ಅದನ್ನು ಕೊಟ್ಟೆ. ಅವಳ ಪಾಠ ಚೆಂದವಾಯಿತು, ಮುಖಗಳು ಹಾಗೇ ಇದ್ದವು. ಕಥೆ ಕಟ್ಟಿ ಹೇಳುವ ಹದ ಕೊಟ್ಟೆ. ಮಕ್ಕಳು ಬಾಯಿ ಬಿಟ್ಟುಕೊಂಡು ಕೇಳಿದರು, ದಾರಿ ತಪ್ಪಿದವರು ತಪ್ಪಿದಲ್ಲೇ ಉಳಿದರು. ಒಳ್ಳೆಯ ಹದಗಳನ್ನು ಹೀಗೆ ಪೋಲು ಮಾಡಿದೆ. ಹಿಂದಿನ ಬೆಂಚಿನಲ್ಲಿ ಕೂತವರ ರೋಗವೇ ಇದು. ಎದುರಿನವರಿಗೆ ಬೇಕಾದ್ದನ್ನಲ್ಲ, ತಮಗೆ ಕೊಡಲು ನೋವಾಗದ್ದನ್ನು ಕೊಡುತ್ತಾರೆ. ಬೇರೆಯವರು ಹಾಗೆ ಮಾಡಿದಾಗ ನಾನೇ ಮೂಗು ಮುರಿದಿದ್ದೆ.

ಆಮೇಲೊಂದು ಉಪಾಯ ಹೂಡಿದೆ. "ನಾ ಚಷ್ಮಾ ತಗದೆ ಅಂದ್ರ ಯಾರೋ ಒಬ್ರು ತಪ್ಪಿಸಿಕೊಂಡಾರ ಅಂತ ತಿಳಕೊ. ಬಲಗಡೆ ಹಿಡದ್ರ ಬಲಗಡೆ ಸಾಲು, ಎಡಗಡೆ ಹಿಡದ್ರ ಎಡಗಡೆ ಸಾಲು" ಎಂದು ಸುವರ್ಣಾಗೆ ಹೇಳಿಕೊಟ್ಟೆ. ಒಂದು ವಾರ ಪಾಠ ಭರ್ಜರಿ ನಡೆಯಿತು. ನಾನು ಚಷ್ಮಾ ತೆಗೆಯುವುದು, ಅವಳು ನಿಲ್ಲಿಸಿ ಆ ಸಾಲಿನ ಕಡೆ ಹೋಗುವುದು. ಮಕ್ಕಳೇನು ದಡ್ಡರೇ? ಬೋರ್ಡು ಬಿಟ್ಟು ನನ್ನ ಚಷ್ಮಾ ನೋಡತೊಡಗಿದರು. ನಾನು ಬೆವರು ಒರೆಸಲು ತೆಗೆದರೂ ಇಡೀ ಬಲಸಾಲು ಹೆದರಿ ಕೂರುತ್ತಿತ್ತು. ಮೇಲಾಗಿ ಉಳಿದ ಕೋಣೆಗಳಿಗೂ ನಾನು ಹೋಗಬೇಕು. ಹೋದ ದಿನ ಅವಳ ಪಾಠ ಮತ್ತೆ ಮೊದಲಿನಂತೆಯೇ.

"ನನಗ್ಯಾಕ ಕಾಣೂದಿಲ್ರಿ ಅಕ್ಕೋರ? ನೀವು ಹೇಳಿದ ಮ್ಯಾಲೆ ನೋಡಿದ್ರೂ ನನಗ ಎಲ್ಲಾ ಮುಖಾನೂ ಒಂದ ಥರ ಕಾಣ್ತಾವ" ಎಂದು ಒಂದು ದಿನ ಕೇಳಿದಳು.

"ಕಾಣತೈತಿ ಬಿಡ, ವರ್ಷ ಹೋಗಲಿ" ಎಂದೆ.

"ಎಷ್ಟು ವರ್ಷ?"

ನನಗೆ ಎಷ್ಟು ವರ್ಷ ಹಿಡಿಯಿತು ಎಂದು ಹೇಳಲಿಲ್ಲ. ಹೇಳಿದ್ದರೆ ಅವಳು ಅಲ್ಲೇ ಕೂತು ಅಳುತ್ತಿದ್ದಳು.

ಆ ವಾರವೇ ತಂಗೆವ್ವ ಸಾಲಿ ಬಿಟ್ಟಳು. ಅವರಪ್ಪ ಇಟ್ಟಂಗಿ ಭಟ್ಟಿಯಲ್ಲಿ ಇಟ್ಟಿಗೆ ಹೊರುವ ಆಳು. ಸಾಲಿ ತಲೆಗೆ ಹತ್ತದ ಮೇಲೆ ಅಲ್ಲಿ ಯಾಕೆ ಕೂರಬೇಕು ಎಂದು ಕೆಲಸಕ್ಕೆ ಕರೆದುಕೊಂಡು ಹೋದನಂತೆ. ಸುದ್ದಿ ತಂದವರು ಹೆಡ್ ಮಾಸ್ತರ್ ಗುರುಪಾದಪ್ಪನವರು. ಒಂದು ಕಾಲಕ್ಕೆ ಅವರು ಪದ್ಯ ಹಾಡಿದರೆ ದಾರಿಯ ಜನ ನಿಂತು ಕೇಳುತ್ತಿದ್ದರು. ಈಗ ಅವರ ಹತ್ತಿರ ಏನೂ ಉಳಿದಿಲ್ಲ, ಹೆಡ್ ಮಾಸ್ತರಿಕೆಗೆ ಹದ ಬೇಕಿಲ್ಲವೆಂದು ಉಳಿಸಿಕೊಂಡಿದ್ದಾರೆ. ಗಂಟೆ ಬಾರಿಸುತ್ತಾರೆ, ಬೀಗ ಹಾಕುತ್ತಾರೆ.

"ಅಕ್ಕೋರ, ಸಿಟ್ಟಾಗಬ್ಯಾಡ್ರಿ" ಎಂದರು. "ಸುವರ್ಣಾನ ಕ್ಲಾಸಿನ ಮಕ್ಕಳು ಮುಂದಿನ ಪರೀಕ್ಷ್ಯಾಗ ಬಿದ್ರ ಸಾಲಿ ಕಮಿಟಿಯವರು ಆಕೀನ ಇಟ್ಟುಕೊಳ್ಳೂದಿಲ್ಲ. ನಿಮ್ಮ ಹತ್ರ ಒಂದು ಉಳದೈತಿ ಅಂತ ಎಲ್ಲಾರಿಗೂ ಗೊತ್ತೈತಿ."

"ಉಳದೈತಿ. ಅದು ಸಾಲೀದಲ್ಲ, ನಮ್ಮ ಮನೀದು."

"ಮನೀದು ಖರೆ. ಸಾಲ್ಯಾಗೂ ಜನ್ಮಾ ಎಲ್ಲಾ ಬಳಸೀರಲ್ಲ."

ಅವರು ಗಂಟೆಯ ಕೋಲನ್ನು ಕೈಯಲ್ಲಿ ತಿರುಗಿಸಿದರು. "ನಾ ಹಾಡು ಕೊಟ್ಟೆ. ಇಸಕೊಂಡ ಹುಡುಗ ವರ್ಷದೊಳಗ ತೀರಿಕೊಂಡ. ಹಾಡೂ ಆತನ ಕೂಡ ಹೋತು. ನನ್ನ ಹೇಣ್ತಿ ಈಗೂ ಒಮ್ಮೊಮ್ಮೆ ಹಾಡ್ರಿ ಅಂತಾಳ, ಮರತಬಿಟ್ಟು" ಎಂದರು.

"ಕೊಡು ಅಂತ ಹೇಳಾಕ ಬಂದು ಇದನ್ನ ಹೇಳ್ತೀರಲ್ರಿ, ಮಾಸ್ತರ?"

"ಹೌದ್ನೋಡ್ರಿ. ಬ್ಯಾರೇನೋ ಹೇಳಾಕ ಬಂದಿದ್ದೆ" ಎಂದು ಗಂಟೆ ಬಾರಿಸಲು ಎದ್ದು ಹೋದರು.

ಮರುದಿನ ಸಾಲಿ ಬಿಟ್ಟ ಮೇಲೆ ಸುವರ್ಣಾ ಮತ್ತು ನಾನು ಭಟ್ಟಿಗೆ ಹೋದೆವು. ತಂಗೆವ್ವ ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟು, ಅದರ ಮೇಲೆ ಹಸಿ ಇಟ್ಟಂಗಿ ಹೊತ್ತು ಬರುತ್ತಿದ್ದಳು. ನಮ್ಮನ್ನು ಕಂಡು ಹೊರೆ ಇಳಿಸಿ, ಕೆಸರುಗೈಯನ್ನು ಬೆನ್ನ ಹಿಂದೆ ಮಾಡಿಕೊಂಡು ನಿಂತಳು.

"ಸಾಲಿಗೆ ಬಾರವ್ವ ತಂಗೆವ್ವ" ಎಂದಳು ಸುವರ್ಣಾ.

"ಬ್ಯಾಡ್ರಿ ಅಕ್ಕೋರ. ನೀವು ಚಲೋತ್ನಂಗ ಹೇಳ್ತೀರಿ. ನನ್ನ ತಲಿಗೇ ಹತ್ತವಲ್ದು. ನಿಮ್ಮ ತಪ್ಪಲ್ರಿ."

ಇಷ್ಟು ಹೇಳಿ ಹುಡುಗಿ ತಲೆ ಎತ್ತಿ ಸುವರ್ಣಾಳನ್ನು ನೋಡಿದಳು. ಆ ಮುಖದಲ್ಲಿ ಇದ್ದದ್ದು ಒಂದೇ ಮಾತು: ಇನ್ನೊಮ್ಮೆ ಕರೀರಿ. ಒಂದೇ ಒಂದು ಸಲ ಕರೀರಿ, ಬರ್ತೀನಿ. ಹಗಲಿನಷ್ಟು ನಿಚ್ಚಳವಾಗಿತ್ತು. ಸುವರ್ಣಾ ನಿಟ್ಟುಸಿರು ಬಿಟ್ಟು ನನ್ನ ಕಡೆ ತಿರುಗಿ, "ಬರೂದಿಲ್ಲಂತ್ರಿ ಅಕ್ಕೋರ. ಹೋಗೂಣು ನಡೀರಿ" ಎಂದಳು.

ಅವಳು ನಡೆದೇಬಿಟ್ಟಳು. ನಾನು ನಿಂತೆ. "ತಂಗೆವ್ವ, ನಾಳೆ ಬಾ" ಎಂದೆ. ಹುಡುಗಿ "ಹೂಂನ್ರಿ" ಎಂದಳು. ಅಷ್ಟೇ ಬೇಕಾಗಿದ್ದದ್ದು. ಕೇಳಿಸಿಕೊಂಡ ಸುವರ್ಣಾ ಹಿಂದಿರುಗಿ ಬಂದು ನಮ್ಮಿಬ್ಬರನ್ನೂ ನೋಡಿದಳು. ಆಮೇಲೆ ಅಲ್ಲೇ ಇಟ್ಟಂಗಿಯ ಗುಡ್ಡೆಯ ಮೇಲೆ ಕೂತು, ಎತ್ತರದ ಮೈಯನ್ನು ಮುದುಡಿಕೊಂಡು, ಭಟ್ಟಿಯ ಆಳುಗಳೆಲ್ಲ ನೋಡುತ್ತಿರುವಂತೆಯೇ ಅತ್ತಳು. "ಏನಿತ್ರಿ ಆಕಿ ಮುಖದಾಗ? ನಾನೂ ಅಲ್ಲೇ ನಿಂತಿದ್ನೆಲ್ರಿ. ಏನಿತ್ತು?"

ನಾನಿದ್ದೆ, ಕರೆದೆ. ನಾನಿಲ್ಲದ ಕಡೆ ಎಷ್ಟು ಮಕ್ಕಳು ಹೀಗೆ ಮುಖ ಎತ್ತಿ ನಿಂತು, ಇಳಿಸಿ ಹೋಗಿದ್ದಾರೋ. ಮನೆಯವರೆಗೆ ನಡೆಯುವಾಗ ನನಗೆ ಇದೊಂದೇ ಯೋಚನೆ. ಮನೆಯಲ್ಲಿ ಭಾಗಿ ಎಂದಿನಂತೆ ಕಾಯುತ್ತಿದ್ದಳು. ತಡವೇಕೆ ಎಂದು ಕೇಳಿದಳು. ಸೆರಗಿಗೆ ಕೆಂಪುಮಣ್ಣು ಹತ್ತಿದೆ, ಭಟ್ಟಿಗೆ ಹೋಗಿದ್ದೆಯಾ ಎಂದಳು. ನಾನು ಎಲ್ಲ ಹೇಳಿದೆ, ಒಂದು ಬಿಟ್ಟು. ಕೊಡಬೇಕೆಂದಿದ್ದೇನೆ ಎಂದು ಹೇಳಲಿಲ್ಲ. ಹೇಳಿದರೆ ಅವಳು ಉತ್ತರ ಕೊಡುತ್ತಿದ್ದಳು, ನಾನು ಅದನ್ನು ಓದಲೇಬೇಕಾಗುತ್ತಿತ್ತು. ಬೇಡ ಎಂದಿದ್ದರೆ ಕೊಡಲಾಗುತ್ತಿರಲಿಲ್ಲ. ಕೊಡು ಎಂದಿದ್ದರೆ ನನ್ನ ಎದೆ ಒಡೆಯುತ್ತಿತ್ತು. ಹಾಗಾಗಿ ಮುಸುರೆ ತಿಕ್ಕುವ ನೆಪದಲ್ಲಿ ಅವಳಿಗೆ ಬೆನ್ನು ಮಾಡಿ ಕೂತೆ. ಇಷ್ಟು ವರ್ಷ ಮಕ್ಕಳ ಮುಖ ನೋಡಿ ಪಾಠ ಮಾಡಿರಿ ಎಂದು ಊರಿಗೆಲ್ಲ ಹೇಳಿದವಳು ನಾನು.

ಸುವರ್ಣಾಳ ಜೊತೆ ಒಪ್ಪಂದವಾಯಿತು. ನಾನು ಹದ ಕೊಟ್ಟ ಮೇಲೆ ಅವಳು ದಿನಾ ಸಂಜೆ ಸಾಲಿ ಬಿಟ್ಟು ನಮ್ಮ ಮನೆಗೆ ಬರಬೇಕು, ಭಾಗಿಯ ಮುಖ ಓದಿ ನನಗೆ ಹೇಳಬೇಕು. "ಜೀವ ಇರೂತನಕ ಬರ್ತೀನ್ರಿ" ಎಂದಳು. ಆ ವಯಸ್ಸಿನಲ್ಲಿ ಅಂಥ ಮಾತು ಸಲೀಸಾಗಿ ಬರುತ್ತದೆ. ಖರೆ ಹೇಳಬೇಕೆಂದರೆ ಆ ಮಾತಿಗೆ ಅವಳು ತಪ್ಪಲೂ ಇಲ್ಲ.

ಭಾನುವಾರ ಮಧ್ಯಾಹ್ನ ಅವಳು ಬಂದಳು. ಭಾಗಿಗೆ ಮನೆಗೆ ಜನ ಬಂದರೆ ಹಿಗ್ಗು. ಕೆಳತುಟಿ ಒಳಗೆಳೆದುಕೊಂಡು, ಈಕೆ ಬಾಗಿಲಿಗೆ ತಲೆ ಬಡಿದುಕೊಳ್ಳುತ್ತಾಳೆ ನೋಡು ಎಂದು ನನಗೆ ಹೇಳಿದಳು. ಅವಳೆಂದಂತೆಯೇ ಸುವರ್ಣಾ ಬಡಿದುಕೊಂಡಳು. ತಾಯಿ ಮಗಳು ಇಬ್ಬರೂ ನಕ್ಕೆವು. ಅದು ನಾವಿಬ್ಬರೂ ಕೂಡಿ ನಕ್ಕ ಕೊನೆಯ ನಗು.

ಸುವರ್ಣಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಭಾಗಿಯ ಎದುರು, ಒಂದೊಂದೇ ತೋರಿಸುತ್ತ ಹೋದೆ. "ಕಣ್ಣಷ್ಟ ನೋಡಬ್ಯಾಡ. ಎಲ್ಲಾ ಕೂಡಿಸಿ ನೋಡು. ಅವಸರ ಮಾಡಬ್ಯಾಡ. ನಿನ್ನ ಮನಸಿನಾಗಿಂದು ಆಕಿ ಮುಖದ ಮ್ಯಾಲೆ ಹಾಕಬ್ಯಾಡ. ಏನಂತಾಳ ಈಗ?"

"ನೀರು ಬೇಕಂತೇನ್ರಿ?"

"ಅಲ್ಲ. ನೋಡು."

"ಗೊತ್ತಾಗವಲ್ದ್ರಿ."

"ನೋಡು."

ಭಾಗಿ ತಾಳ್ಮೆಯಿಂದ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಅವಳಿಗೆ ಇದು ಸಾಲಿಯ ಯಾವುದೋ ಹೊಸ ಆಟ. ಬಿಸಿಲು ಕಿಟಕಿಯಿಂದ ಸರಿಯುತ್ತ ಬಂತು. ಸುವರ್ಣಾ ಹಣೆಯ ಬೆವರು ಒರೆಸಿಕೊಳ್ಳುವುದನ್ನೂ ಮರೆತು ನೋಡುತ್ತಿದ್ದಳು. ಒಮ್ಮೆಲೇ ಮುಂದಕ್ಕೆ ಬಾಗಿದಳು.

"ಬಿಸಲು ಕಣ್ಣಾಗ ಬೀಳಾಕತ್ತೈತಿ, ಕಿಟಕಿ ಮುಚ್ಚಂತ್ರಿ" ಎಂದಳು. ಆಮೇಲೆ ತಡೆದು ತಡೆದು, "ಅಕ್ಕೋರ... ನಮ್ಮವ್ವ ಇವತ್ತ್ಯಾಕ ಸಪ್ಪಗದಾಳ ಅಂತ ಕೇಳಾಕತ್ತಾರ್ರಿ" ಎಂದಳು.

ನಾನು ಮಗಳ ಕಡೆ ತಿರುಗಿದೆ. ಕಣ್ಣಿತ್ತು, ಮೂಗಿತ್ತು, ಬಾಯಿತ್ತು. ಕಣ್ಣು ರೆಪ್ಪೆ ಬಡಿಯುತ್ತಿತ್ತು. ಅಷ್ಟೇ. ಎದ್ದು ಹೋಗಿ ಕಿಟಕಿ ಮುಚ್ಚಿದೆ.

ಸುವರ್ಣಾಳ ತರಗತಿ ನೋಡಬೇಕಿತ್ತು ನೀವು. ಊರಿಗೆ ಊರೇ ಮಾತಾಡಿಕೊಂಡಿತು. ಲೆಕ್ಕ ಹೇಳುತ್ತ ಹೇಳುತ್ತ ನಡುವೆ ನಿಲ್ಲಿಸಿ, "ತಂಗೆವ್ವ, ಕಾಲು ಭಾಗದ ಹತ್ರ ತಪ್ಪಿಸಿಕೊಂಡಿ, ಹೌದಿಲ್ಲ? ಬಾ, ಅಲ್ಲಿಂದನ ಹೋಗೂಣು" ಎನ್ನುತ್ತಿದ್ದಳು. ಈಗ ಆ ಕೋಣೆಯಲ್ಲಿ ಯಾರೂ ತಿಳೀತ್ರಿ ಎಂದು ಕೂಗುತ್ತಿರಲಿಲ್ಲ. ಕೂಗುವ ಅಗತ್ಯವೇ ಇರಲಿಲ್ಲ. ಪರೀಕ್ಷೆಯಲ್ಲಿ ತಂಗೆವ್ವ ಪಾಸಾದಳು. ಸಾಲಿಯಲ್ಲಿ ನನ್ನ ಕಡೆಯ ದಿನ ಆ ಕೋಣೆಗೆ ಹೋಗಿ, ಬೆಂಚನ್ನು ಅಭ್ಯಾಸದಂತೆ ಕಿಟಕಿಯ ಪಕ್ಕಕ್ಕೆ ಎಳೆದುಕೊಂಡು ಕೂತೆ. ಸಾಲಾಗಿ ಮುಖಗಳು, ಅಂಗಡಿಯಲ್ಲಿ ಜೋಡಿಸಿಟ್ಟ ಗಡಿಗೆಗಳ ಹಾಗೆ. ಪಾಠ ಮುಗಿದ ಮೇಲೆ ಹೇಗಿತ್ತು ಎಂದು ಗುರುಪಾದಪ್ಪ ಮಾಸ್ತರರು ಕೇಳಿದರು. ನಾನು ಸುವರ್ಣಾಳ ಕಡೆ ತಿರುಗಿ, "ಹೆಂಗಿತ್ತವ್ವ?" ಎಂದು ಅವಳನ್ನೇ ಕೇಳಿದೆ. ಸಂಜೆ ಶಾಲು ಹೊದಿಸಿದರು, ಬಾಳೆಹಣ್ಣು ಕೊಟ್ಟರು. ಮಾಸ್ತರರು ನನ್ನ ಮುಖ ನೋಡದೆ ಗಂಟೆ ಬಾರಿಸಿದರು.

ಸುವರ್ಣಾ ದಿನಾ ಬರುತ್ತಿದ್ದಳು. ಭಾಗಿಯ ಎದುರು ಕೂತು, ನೋಡಿ, ಹೇಳುತ್ತಿದ್ದಳು. "ಹಸಿವ್ಯಾಗೇತಂತ್ರಿ." "ಮಗ್ಗಲಾ ಬದಲಸಬೇಕಂತ್ರಿ." "ನಿದ್ದಿ ಬಂದೈತಂತ್ರಿ." ನಾನು ಊಟ ಮಾಡಿಸುತ್ತಿದ್ದೆ, ಮಗ್ಗುಲು ತಿರುಗಿಸುತ್ತಿದ್ದೆ, ಚಾದರ ಹೊದಿಸುತ್ತಿದ್ದೆ. ಅವಳು ಹೋದ ಮೇಲೆ ಒಬ್ಬಳೇ ಹರಟೆಗೆ ಕೂರುತ್ತಿದ್ದೆ. ಮೊದಲಿನಂತೆಯೇ ಸಾಲಿಯ ಸುದ್ದಿ, ಓಣಿಯ ಸುದ್ದಿ. ದಾರಿಯಲ್ಲಿ ಹೋಗುವವರು ಮರುಗುತ್ತಿದ್ದದ್ದು ಈಗ ನಿಜವಾಗಿತ್ತು.

ಹೀಗೆ ದಿನಗಳು ಹೋದವು. ಒಂದು ಸಂಜೆ "ಊಟ ಬೇಕಂತ್ರಿ" ಎಂದಾಗ ನನಗೆ ತಡೆಯಲಾಗಲಿಲ್ಲ. ನನ್ನ ಮಗಳು ಇಷ್ಟೇ ಮಾತಾಡುವವಳಲ್ಲ. ನೀಲವ್ವನ ಮೇಲೆ ಒಂದು ಚಾಡಿ ಇಲ್ಲ, ನನ್ನ ಸೀರೆಯ ಮೇಲೆ ಒಂದು ಕೊಂಕಿಲ್ಲ. ಬಾಯಿಯಿಲ್ಲದ ದನವೂ ಇದಕ್ಕಿಂತ ಹೆಚ್ಚು ಹೇಳುತ್ತದೆ.

"ಸುವರ್ಣಾ, ಖರೇ ಹೇಳು. ಆಕಿ ಬ್ಯಾರೆ ಏನಂತಾಳ?"

"ಏನಿಲ್ರಿ ಅಕ್ಕೋರ."

"ನನ್ನ ಹದ ನಿನ್ನ ಹತ್ರ ಐತಿ. ನನಗ ಸುಳ್ಳು ಹೇಳಬ್ಯಾಡ."

ಅವಳು ಸೆರಗಿನ ತುದಿ ಹಿಂಡುತ್ತ ಕೂತಳು. ಆಮೇಲೆ ನೆಲ ನೋಡಿಕೊಂಡೇ ಹೇಳಿದಳು. "ಅವತ್ತಿನಿಂದ ದಿನಾ ಒಂದ ಕೇಳ್ತಾರ್ರಿ. ನಾ ಏನು ತಪ್ಪು ಮಾಡೇನಿ? ಅವ್ವ ಯಾಕ ನನ್ನ ಮಾತು ಕೇಳವಲ್ಲಳು? ನಾ ಎಷ್ಟು ಹೇಳಿದ್ರೂ ಆ ಕಡೆ ನೋಡಿ ತನ್ನದ ತಾ ಮಾತಾಡ್ತಾಳ, ನನ್ನ ಮ್ಯಾಲೆ ಎಂಥಾ ಸಿಟ್ಟು? ಅಂತ ಕೇಳ್ತಾರ್ರಿ. ಹೇಳಿಬಿಡ್ರಿ ಅಂತ ನಿಮಗ ಹೆಂಗ ಹೇಳಲಿ? ಹದ ಕೊಟ್ಟದ್ದನ್ನ ನೀವ ಅವರಿಗೆ ಹೇಳಿರಬೇಕು ಅಂತ ಅನಕೊಂಡಿದ್ದೆ."

ನನ್ನ ಕೈಯಲ್ಲಿ ಊಟದ ಗಂಗಾಳವಿತ್ತು. ಕೆಳಗಿಟ್ಟೆ. ಊರಿನಲ್ಲಿ ಎಳೆಯ ಮಗುವಿಗೂ ಗೊತ್ತಿರುವುದು ಭಾಗಿಗೆ ಗೊತ್ತಿಲ್ಲದೆ ಏನು? ಕೊಟ್ಟರೆ ಹೋಗುತ್ತದೆ ಎಂದು ಗೊತ್ತು. ಆದರೆ ತನ್ನನ್ನು ಓದುವುದನ್ನೇ ಅವ್ವ ಕೊಟ್ಟುಬಿಡುತ್ತಾಳೆ ಎಂದು ಯಾವ ಮಗಳು ಅಂದುಕೊಂಡಾಳು? ಅದಕ್ಕಿಂತ ತಾನೇ ಏನೋ ತಪ್ಪು ಮಾಡಿದ್ದೇನೆ ಎಂದುಕೊಳ್ಳುವುದು ಅವಳಿಗೆ ಸುಲಭವಾಗಿತ್ತು. ತಂಗೆವ್ವನಂತೆಯೇ.

ಭಾಗಿಯ ಹತ್ತಿರ ಸರಿದು, ಅವಳ ಎರಡೂ ಕೈ ಹಿಡಿದುಕೊಂಡು ಹೇಳಿದೆ. ಮೊದಲೇ ಹೇಳಬೇಕಾಗಿದ್ದದ್ದನ್ನೆಲ್ಲ ಹೇಳಿದೆ. ಭಟ್ಟಿಯ ಹುಡುಗಿ, ಅವಳು ಎತ್ತಿದ ಮುಖ, ನಾನು ಮುಸುರೆಯ ಮುಂದೆ ಬೆನ್ನು ಮಾಡಿ ಕೂತದ್ದು, ಭಾನುವಾರದ ಬಿಸಿಲು. "ನಿಂದೇನೂ ತಪ್ಪಿಲ್ಲವ್ವ. ನನಗ ಕಾಣವಲ್ದು, ಅಷ್ಟ. ನೀ ಮಾತಾಡ್ತಿ, ನನಗ ಕಾಣೂದಿಲ್ಲ. ನಾನ ಕೊಟ್ಟುಬಿಟ್ಟೆ. ನಿನ್ನ ಕೇಳಲಿಲ್ಲ" ಎಂದೆ. ಹೇಳುವಾಗ ಅವಳ ಮುಖವನ್ನೇ ನೋಡುತ್ತಿದ್ದೆ, ಹಳೆಯ ಅಭ್ಯಾಸ. ಒಂದು ಕಣ್ಣಿನಿಂದ ನೀರಿಳಿಯಿತು. ನೀರು ಇಳಿದದ್ದು ಯಾರಿಗಾದರೂ ಕಾಣುತ್ತದೆ. ಅದು ಎಂಥ ನೀರು ಎಂದು ನನಗೆ ತಿಳಿಯಲಿಲ್ಲ.

"ಏನಂದ್ಲು?" ಎಂದು ಕೇಳಿದೆ.

ಸುವರ್ಣಾ ಬಹಳ ಹೊತ್ತು ನೋಡಿದಳು.

"ನನ್ನ ಒಂದು ಮಾತು ಕೇಳಬೇಕಿತ್ತು ಅಂತಾರ್ರಿ" ಎಂದಳು. ಆಮೇಲೆ ಸ್ವಲ್ಪ ತಡೆದು, "ಕೇಳಿದ್ರ ನಾನೂ ಹೂಂ ಅಂತಿದ್ದೆ, ಕೊಡು ಅಂತಿದ್ದೆ ಅಂತಾರ್ರಿ" ಎಂದಳು.

ಮೊದಲ ಮಾತು ನನ್ನ ಮಗಳದು, ಅನುಮಾನವಿಲ್ಲ. ಎರಡನೆಯದು ಅವಳು ಆಡಿದ್ದೋ, ಈ ಹುಡುಗಿ ನನ್ನ ಮೇಲಿನ ಮರುಕಕ್ಕೆ ತಾನೇ ಸೇರಿಸಿದ್ದೋ? ಖರೇನಾ ಎಂದು ತಿಳಿಯಲು ಸುವರ್ಣಾಳ ಮುಖ ನೋಡಿದೆ. ತಿರುಗಿ ಭಾಗಿಯ ಮುಖ ನೋಡಿದೆ. ಎರಡರಲ್ಲೂ ಕಣ್ಣಿತ್ತು, ಮೂಗಿತ್ತು, ಬಾಯಿತ್ತು.